ಜೋಡುನಳಿಗೆ ಕೋವಿ ಮನೆಯಲ್ಲಿ ಇಡುವುದರ ಬಗ್ಗೆ

ನಮಸ್ಕಾರ ಸರ್. ತಂದೆಯವರ 12 ಬೋರ್ ಜೋಡುನಳಿಗೆ ಈಗ ನಿಮ್ಮ ಹೆಸರಿಗೆ ಲೈಸೆನ್ಸ್ ಆಗಿದೆ, ತೋಟ ಆನೇಕಲ್ ಹತ್ತಿರ, ಮನೆ ಬನಶಂಕರಿಯಲ್ಲಿ ಮೂರನೇ ಮಹಡಿ ಫ್ಲಾಟು ಅಂತ ಬರೆದಿದ್ದೀರಿ. ರಾತ್ರಿ ಏನಾದರೂ ಆದರೆ ಅಂತ ತೋಟೆ (ಕಾರ್ಟ್ರಿಜ್) ಹಾಕಿಯೇ ಬೀರುವಿನಲ್ಲಿ ಇಡಬಹುದಾ, ಸೇಫ್ಟಿ ಹಾಕಿದ್ದರೆ ಸಾಕಲ್ವಾ ಅಂತ ಕೇಳಿದ್ದೀರಿ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ಅಂತಲೂ ಹೇಳಿದ್ದೀರಿ.

ಬೇಡ ಸರ್. ಸೇಫ್ಟಿ ಸಾಲುವುದಿಲ್ಲ.

ನಿಮ್ಮಂಥ ಹಳೇ ಜೋಡುನಳಿಗೆಗಳಲ್ಲಿ ಹಿಡಿಯ ಮೇಲಿರುವ ಆ ಸಣ್ಣ ಗುಂಡಿ ಸಾಮಾನ್ಯವಾಗಿ ಟ್ರಿಗರನ್ನು ಮಾತ್ರ ತಡೆಯುತ್ತದೆ. ಒಳಗಿನ ಕುದುರೆ, ಅಂದರೆ ತೋಟೆಗೆ ಹೊಡೆತ ಕೊಡುವ ಸುತ್ತಿಗೆ, ಸ್ಪ್ರಿಂಗಿನ ಬಿಗಿಯಲ್ಲೇ ನಿಂತಿರುತ್ತದೆ. ಐವತ್ತು ವರ್ಷ ಸವೆದ ಕೋವಿ ಬೀರುವಿನಿಂದ ಜಾರಿ ನೆಲಕ್ಕೆ ಬಿದ್ದರೆ, ಟ್ರಿಗರ್ ಯಾರೂ ಮುಟ್ಟದೆಯೂ ಈಡು ಹಾರಬಹುದು. ಹೊರಗೆ ಕುದುರೆ ಕಾಣುವ ಇನ್ನೂ ಹಳೇ ಮಾದರಿಯಾದರೆ ಸೇಫ್ಟಿಯೇ ಇರುವುದಿಲ್ಲ ಎಷ್ಟೋ ಸಲ.

ಆದರೆ ನನಗೆ ತುಂಬಿದ ಕೋವಿಗಿಂತ ಖಾಲಿ ಕೋವಿಯ ಭಯ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ. ನಮ್ಮದು ಮಲೆನಾಡು ಕಡೆ. ನಾನು ಐದನೇ ಕ್ಲಾಸಿನಲ್ಲಿದ್ದೆ. ಸಂಜೆ ಚಿಕ್ಕಪ್ಪ ತೋಟದಿಂದ ಬಂದು ಜಗುಲಿಯಲ್ಲಿ ಕೂತು ನಳಿಗೆ ಬಗ್ಗಿಸಿ, ಅಂದರೆ ಕೀಲಿನಲ್ಲಿ ತೆರೆದು, ಬಲಗಡೆಯ ತೋಟೆ ತೆಗೆದರು. ಅಷ್ಟರಲ್ಲಿ ಯಾರೋ ಅಡಿಕೆ ವ್ಯಾಪಾರದ ಮಾತಿಗೆ ಬಂದರು. ಕೋವಿ ಮುಚ್ಚಿ ಗೋಡೆಗೆ ಒರಗಿಸಿದರು. ಕಾಫಿ ಆಯಿತು, ಬಂದವರು ಹೋದರು. ಸ್ಪ್ರಿಂಗ್ ಬಿಗಿಯಾಗಿ ಉಳಿಯಬಾರದು ಅಂತ ಚಿಕ್ಕಪ್ಪ ಕೋವಿ ಮೇಲೆತ್ತಿ ಎರಡೂ ಟ್ರಿಗರ್ ಎಳೆದರು. ಮುಂದಿನದು ಟಿಕ್ ಅಂತು. ಹಿಂದಿನದು ಢಂ ಅಂತು. ಅಟ್ಟದ ಹಲಗೆ ತೂತಾಗಿ ಮೇಲಿದ್ದ ಮಿಡಿ ಉಪ್ಪಿನಕಾಯಿ ಜಾಡಿ ಒಡೆದು ರಸವೆಲ್ಲ ಅವರ ತಲೆ ಮೇಲೆ. ಈಗ ಹೇಳುವಾಗ ನಗು ಬರುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ನನ್ನ ತಂಗಿ ಅದೇ ಅಟ್ಟದಲ್ಲಿ ಹುಣಸೆಹಣ್ಣು ಹುಡುಕುತ್ತಿದ್ದಳು. ಅಜ್ಜಿ ಒಂದು ತಿಂಗಳು ಚಿಕ್ಕಪ್ಪನ ಹತ್ತಿರ ಮಾತಾಡಲಿಲ್ಲ.

ಅವರು ಹೊಸಬರೇನಲ್ಲ, ಅವರಿಗೆ ಕೈ ತುಂಬ ಅಭ್ಯಾಸವಿತ್ತು. ಅರ್ಧ ಮಾಡಿದ ಕೆಲಸವನ್ನು ಪೂರ್ತಿ ಮಾಡಿದ್ದೇನೆ ಅಂತ ಮನಸ್ಸು ಹೇಳಿತು, ಅಷ್ಟೇ. ಅದಕ್ಕೇ ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಕೋವಿ ಕೈಗೆ ಬಂದ ತಕ್ಷಣ ನಳಿಗೆ ಬಗ್ಗಿಸಿ ಎರಡೂ ತೂತು ಕಣ್ಣಾರೆ ನೋಡಬೇಕು, ಕತ್ತಲಾದರೆ ಬೆರಳು ತೂರಿಸಿ ನೋಡಬೇಕು. ಈಗ ತಾನೇ ನೀವೇ ನೋಡಿ ಕೆಳಗಿಟ್ಟಿದ್ದರೂ ಮತ್ತೆ ನೋಡಬೇಕು. ಇನ್ನೊಬ್ಬರಿಗೆ ಕೊಡುವಾಗ ಬಗ್ಗಿಸಿಯೇ ಕೊಡಬೇಕು. ನಡುವೆ ಫೋನ್ ಬಂದರೆ, ಯಾರಾದರೂ ಕರೆದರೆ, ಮೊದಲಿಂದ ಶುರು. ಬೆರಳು ಟ್ರಿಗರ್ ಮೇಲಲ್ಲ, ಅದರ ಕಾವಲು ಬಳೆಯ ಹೊರಗೆ ನೇರವಾಗಿರಬೇಕು.

ಇನ್ನು ಫ್ಲಾಟಿನ ಕಷ್ಟ. 'ಮೂತಿ ಯಾರ ಕಡೆಗೂ ಬೇಡ' ಅನ್ನುವುದು ಸುಲಭ. ಮೂರನೇ ಮಹಡಿಯಲ್ಲಿ ಯಾರೂ ಇಲ್ಲದ ಕಡೆ ಯಾವುದು ಹೇಳಿ? ಮೇಲೆ ಒಂದು ಸಂಸಾರ, ಕೆಳಗೆ ಒಂದು, ಪಕ್ಕದಲ್ಲಿ ನಾಲ್ಕು ಇಂಚಿನ ಗೋಡೆ, ಕಿಟಕಿ ಅಂದರೆ ಬೀದಿ. ಸ್ಲ್ಯಾಬು ತೂತಾಗದಿದ್ದರೂ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ತಿರುಗಿ ಕೋಣೆಯೊಳಗೇ ಚಿಮ್ಮುತ್ತದೆ. ನಾನು ಮಾಡಿಕೊಂಡ ಉಪಾಯ ಇದು: ಬಾಲ್ಕನಿ ಪಕ್ಕದ ಮೂಲೆಯಲ್ಲಿ ಒಂದು ಗಟ್ಟಿ ಪ್ಲಾಸ್ಟಿಕ್ ಡ್ರಮ್, ಅದರಲ್ಲಿ ಎರಡು ಅಡಿಗೂ ಮೀರಿ ಎಂ-ಸ್ಯಾಂಡ್. ಕೋವಿ ಹೊರತೆಗೆಯುವುದು, ನೋಡುವುದು, ಒರೆಸಲು ಬಿಚ್ಚುವುದು ಎಲ್ಲ ಮೂತಿಯನ್ನು ಆ ಮರಳಿನ ಕಡೆ ಇಟ್ಟುಕೊಂಡೇ. ನೋಡಿದವರು ತುಳಸಿ ನೆಡುತ್ತೀರಾ ಅಂತ ಕೇಳುತ್ತಾರೆ. ಕೇಳಲಿ.

ಇಡುವುದು ಹೇಗೆ? ಜೋಡುನಳಿಗೆಯ ಒಂದು ಅನುಕೂಲ ಅಂದರೆ ಅದು ಮೂರು ತುಂಡಾಗುತ್ತದೆ. ನಳಿಗೆ ಒಂದು, ಹಿಡಿ ಒಂದು, ನಳಿಗೆ ಕೆಳಗಿನ ಸಣ್ಣ ಮರ ಒಂದು. ಆ ಸಣ್ಣ ಮರ ಇಲ್ಲದೆ ಕೋವಿ ಸರಿಯಾಗಿ ಕೂರುವುದೇ ಇಲ್ಲ. ನಳಿಗೆ, ಹಿಡಿ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ. ಸಣ್ಣ ಮರ ಬೇರೆ ಬೀಗದಲ್ಲಿ. ತೋಟೆ ಮೂರನೇ ಕಡೆ, ಅದಕ್ಕೂ ಬೀಗ. ಬೀಗದ ಕೈ ಲೈಸೆನ್ಸ್ ಇರುವ ನಿಮ್ಮ ಹತ್ತಿರ ಮಾತ್ರ. ದೇವರ ಮನೆಯ ಡಬ್ಬಿ, ಫ್ರಿಜ್ ಮೇಲಿನ ಬುಟ್ಟಿ ಇವೆಲ್ಲ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮಕ್ಕಳಿಗೆ ಹೇಳಬೇಕಾದ್ದು ಇಷ್ಟೇ: ಎಲ್ಲಾದರೂ ಕೋವಿ ಕಂಡರೆ ಮುಟ್ಟಬೇಡ, ಆ ಕೋಣೆಯಿಂದ ಆಚೆ ಬಾ, ದೊಡ್ಡವರಿಗೆ ಹೇಳು.

ರೆಕ್ಸಿನ್ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ. ಚೀಲ ತೇವ ಹಿಡಿದು ಒಂದೇ ಮಳೆಗಾಲಕ್ಕೆ ತುಕ್ಕು ಬರುತ್ತದೆ. ತೆಳುವಾಗಿ ಎಣ್ಣೆ ಒರೆಸಿ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ.

ತಂದೆಯವರ ಹಳೇ ತೋಟೆಗಳ ಡಬ್ಬಿ ಇದೆ ಅಂದಿರಿ. ಕಾಗದದ ತೋಟೆ ಊದಿಕೊಂಡಿದ್ದರೆ, ಹಿತ್ತಾಳೆ ಹಸಿರಾಗಿದ್ದರೆ ಹೊಡೆಯಲೂ ಬೇಡಿ, ಬಿಚ್ಚಲೂ ಬೇಡಿ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಅಥವಾ ಪೊಲೀಸ್ ಸ್ಟೇಷನ್ನಿನಲ್ಲಿ ಕೇಳಿ ಒಪ್ಪಿಸಿ. ಹೊಸದು ಕೊಳ್ಳುವ ಮುಂಚೆ ನಳಿಗೆಯ ಅಡಿಯಲ್ಲಿ ಒತ್ತಿರುವ ಗುರುತು ಓದಿ. ಎರಡೂವರೆ ಇಂಚು ಅಂತ ಇದ್ದರೆ 65 ಮಿ.ಮೀ. ತೋಟೆ ಮಾತ್ರ. 70 ಮಿ.ಮೀ. ತೋಟೆಯೂ ಸಲೀಸಾಗಿ ಒಳಗೆ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿದ ಉದ್ದದ್ದು. ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಇನ್ನೊಂದು, 12ಕ್ಕಿಂತ ಸಣ್ಣದಾದ 20 ಬೋರ್ ತೋಟೆ ಮನೆಯಲ್ಲೇ ಇರಬಾರದು. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿ ಇದೆ ಅಂತ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಈ ತಪ್ಪು ಆಗದಿರಲಿ ಅಂತಲೇ 20ರ ತೋಟೆಗೆ ಹಳದಿ ಬಣ್ಣ ಕೊಡುವುದು.

ತೋಟೆ ತುಂಬುವುದು ಆನೇಕಲ್ ತೋಟದಲ್ಲಿ, ಅದೂ ಹೊಡೆಯುವ ಜಾಗದಲ್ಲಿ ನಿಂತ ಮೇಲೆ. ಕಾರಿನಲ್ಲಿ ಅಲ್ಲ, ತೋಟದ ಮನೆಯೊಳಗೂ ಅಲ್ಲ. ಮೊದಲು ನಳಿಗೆ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜ ಯಾವ ತೂತನ್ನೂ ಬಿಡುವುದಿಲ್ಲ. ನಮ್ಮ ಮನೆ ಸ್ವಿಚ್ ಬೋರ್ಡಿನಲ್ಲೂ ಕಟ್ಟಿತ್ತು, ನಳಿಗೆಯಲ್ಲೂ ಕಟ್ಟಿತ್ತು. ಅಷ್ಟು ಮಣ್ಣು ಸಾಕು ನಳಿಗೆ ಒಡೆಯಲು. ಮೂತಿ ನೆಲದ ಕಡೆ ಇಟ್ಟು, ಬೆರಳು ಹೊರಗಿಟ್ಟು ತೋಟೆ ಹಾಕಿ. ಮುಚ್ಚುವಾಗ ಹಿಡಿಯನ್ನು ಮೇಲೆತ್ತಿ ಮುಚ್ಚಿ. ನಳಿಗೆ ಎತ್ತಿ ಮುಚ್ಚಿದರೆ ಮೂತಿ ಎದುರಿದ್ದವರ ಕಾಲಿಂದ ಎದೆವರೆಗೆ ಹೋಗುತ್ತದೆ. ಮುಚ್ಚಿದ ಮೇಲೆ ಸೇಫ್ಟಿ ಬಿದ್ದಿದೆಯಾ ನೋಡಿ. ಕೆಲವು ಕೋವಿಯಲ್ಲಿ ತಾನೇ ಬೀಳುತ್ತದೆ, ಕೆಲವದರಲ್ಲಿ ಇಲ್ಲ.

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಇರಲಿ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಸಣ್ಣ ಚರೆಯೇ ಇನ್ನೂರು ಮೀಟರ್ ಆಸುಪಾಸು ಹೋಗುತ್ತದೆ, ಎಸ್‌ಜಿ ಅನ್ನುವ ದಪ್ಪ ಚರೆ ಐನೂರನ್ನೂ ದಾಟುತ್ತದೆ. ಆನೇಕಲ್ ಈಗ ಮೊದಲಿನಂತಿಲ್ಲ, ನಿಮ್ಮ ಬೇಲಿ ಆಚೆ ಲೇಔಟ್ ಬಂದಿರುತ್ತದೆ. ಹಂದಿ, ನವಿಲು ತೋಟಕ್ಕೆ ಬಂದರೂ ಅವುಗಳ ಮೇಲೆ ಹೊಡೆಯುವ ಹಕ್ಕು ಈ ಲೈಸೆನ್ಸಿನಿಂದ ಬರುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ಟ್ರಿಗರ್ ಎಳೆದು ಈಡು ಹಾರದಿದ್ದರೆ ಗಡಿಬಿಡಿಯಲ್ಲಿ ಬಿಚ್ಚಬೇಡಿ. ಮೂತಿ ದಿಬ್ಬದ ಕಡೆಯೇ ಇಟ್ಟು ಒಂದು ನಿಮಿಷ ಕಾಯಿರಿ, ತಡವಾಗಿಯೂ ಹಾರಬಹುದು. ಸದ್ದು ಪುಸ್ ಅಂತ ಬಂದರೆ ಇನ್ನೊಂದು ಹೊಡೆಯದೆ ಬಿಚ್ಚಿ ನಳಿಗೆ ನೋಡಿ, ಮದ್ದಿಗೂ ಚರೆಗೂ ನಡುವಿನ ಬಿರಡೆ ಒಳಗೇ ಸಿಕ್ಕಿರಬಹುದು.

ಆಯುಧ ಪೂಜೆಗೆ ಇಡುತ್ತೀರಾದರೆ ನಳಿಗೆ ಬಗ್ಗಿಸಿಯೇ ಇಡಿ, ತೋಟೆ ಪಕ್ಕದಲ್ಲಿ ಬೇಡ. ಅರಿಶಿನ ಕುಂಕುಮ ಮರದ ಹಿಡಿಗೆ ಮಾತ್ರ. ಮಂಗಳಾರತಿ ಆದ ಕೂಡಲೇ ಒರೆಸಿ ಒಳಗಿಡಿ. ಖುಷಿಗೆ ಒಂದು ಈಡು ಅಂತ ಯಾರಾದರೂ ಹುರಿದುಂಬಿಸಿದರೆ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಅಂತ ಹೇಳಿ.

ಮೇಲೆ ಇನ್ನೊಬ್ಬರು ಮಗನಿಗೆ ಏರ್ ರೈಫಲ್ ಕೊಡಿಸಿದ್ದೇನೆ, ಅದಕ್ಕೂ ಇಷ್ಟೆಲ್ಲ ಬೇಕಾ ಅಂತ ಕೇಳಿದ್ದಾರೆ. 0.177 ಇಂಚು ಅಳತೆಯ, ಗುಂಡಿನ ಶಕ್ತಿ 20 ಜೂಲ್ ಒಳಗಿನದಕ್ಕೆ ಲೈಸೆನ್ಸ್ ಬೇಡ ಅಷ್ಟೇ, ಕಣ್ಣು ಅದರಿಂದಲೂ ಹೋಗುತ್ತದೆ. ಸ್ಪ್ರಿಂಗಿನದಾದರೆ ಗುಂಡು ಹಾಕುವಾಗ ಬಗ್ಗಿಸಿದ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿರಲಿ. ಬಿಟ್ಟರೆ ಬೆರಳು ಜಜ್ಜುತ್ತದೆ.

ಸರ್, ನಳಿಗೆ ಅಡಿಯ ಗುರುತುಗಳ ಫೋಟೋ ಹಾಕಿ. ನೈಟ್ರೋ ಪ್ರೂಫ್, ಅಂದರೆ ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆದ ಗುರುತು, ಇದೆಯಾ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಹೊಡೆಯಬೇಡಿ. ಕೋವಿ ನಂಬರ್ ಮಾತ್ರ ಮುಚ್ಚಿ ಹಾಕಿ.