ಕ್ಯಾನಿಸ್ಟರ್ ಮುಗಿದಾಗ ಬಾಗಿಲು ಎಷ್ಟು ದೂರವಿತ್ತು?

ಪ್ರಶ್ನೆ: ‘ದಿ ಲಾಂಗ್ ಡಾರ್ಕ್’ ಎಂಬ ಕಂಪ್ಯೂಟರ್ ಆಟದಲ್ಲಿ 114 ದಿನ ಬದುಕಿದ್ದೆ. ಚಳಿ, ಹಸಿವು, ತೋಳ ಎಲ್ಲ ದಾಟಿ ಲ್ಯಾಂಗ್‌ಸ್ಟನ್ ಗಣಿಯೊಳಗೆ ಹೋದೆ. ಮುಖಕ್ಕೆ ರೆಸ್ಪಿರೇಟರ್ (ವಿಷಗಾಳಿ ಸೋಸುವ ಮುಖವಾಡ) ಇತ್ತು, ಚೀಲದಲ್ಲಿ ಅದಕ್ಕೆ ಹಾಕುವ ಇನ್ನೊಂದು ಕ್ಯಾನಿಸ್ಟರ್ (ಫಿಲ್ಟರ್ ಡಬ್ಬಿ) ಇತ್ತು. ಆದರೂ ವಿಷದ ಮಂಜಿನಲ್ಲೇ ಸತ್ತೆ. ನಾನು ಆಡುವ ಬಗೆಯಲ್ಲಿ ಸತ್ತರೆ ಮತ್ತೆ ಮೊದಲಿನಿಂದಲೇ ಶುರು. ನೀವು ಗಣಿಯಲ್ಲಿದ್ದವರು, ಎಲ್ಲಿ ತಪ್ಪಿದೆ ಹೇಳಿ.
– ಬಿ.ಎಸ್‌ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಮ್ಮಾ, ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಕ್ಯಾನಿಸ್ಟರ್ ಎಲ್ಲಿ ಮುಗಿಯಿತು ಎಂದು ನೀನು ಬರೆದಿಲ್ಲ. ನಿನ್ನನ್ನು ಕೊಂದದ್ದು ಅದೇ ಮರೆವು ಎಂದು ನನಗೆ ಅನ್ನಿಸುತ್ತದೆ.

ಆಟ ನನಗೆ ಗೊತ್ತು. ಮೊಮ್ಮಗ ಆಡುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೊದವರು ಮಾಡಿದ್ದು, ಗ್ರೇಟ್ ಬೇರ್ ಎಂಬ ಕಲ್ಪಿತ ದ್ವೀಪದ ಕತೆ. ಅಲ್ಲಿ ಚಳಿ ನಿಧಾನವಾಗಿ ಕೊಲ್ಲುತ್ತದೆ. ನಡುವೆ ಬೆಂಕಿ ಹಚ್ಚಿಕೊಳ್ಳಲು, ಹಿಮ ಕರಗಿಸಿ ನೀರು ಕಾಯಿಸಲು ಸಮಯ ಕೊಡುತ್ತದೆ. ವಿಷದ ಗಾಳಿ ಹಾಗಲ್ಲ. 114 ದಿನ ಚಳಿಯ ಜೊತೆ ಬದುಕಿದವನು ಗಾಳಿಯ ಜೊತೆಗೂ ಹಾಗೇ ಬದುಕಬಹುದು ಅಂದುಕೊಂಡು ಒಳಗೆ ಹೋಗುತ್ತಾನೆ.

ರಾಯಚೂರು ಜಿಲ್ಲೆಯ ಚಿನ್ನದ ಗಣಿಯಲ್ಲಿ ನಾನು ರಕ್ಷಣಾ ತಂಡದಲ್ಲಿದ್ದಾಗ ನಮಗೆ ಕಲಿಸಿದವರು ಒಂದೇ ಲೆಕ್ಕವನ್ನು ದಿನಾ ಹೇಳಿಸುತ್ತಿದ್ದರು: ಹೋಗಲು ಒಂದು ಪಾಲು, ಬರಲು ಎರಡು ಪಾಲು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಮೂರರಲ್ಲಿ ಒಂದು ಭಾಗ ಖರ್ಚಾದ ಕೂಡಲೇ, ಎದುರಿಗೆ ಏನೇ ಕಾಣುತ್ತಿರಲಿ, ತಿರುಗಬೇಕು. ವಾಪಸು ಬರುವಾಗ ದಣಿದಿರುತ್ತೀರಿ, ಹೊಗೆ ಹೆಚ್ಚಿರುತ್ತದೆ, ಬಹುಶಃ ಹೆಗಲ ಮೇಲೆ ಒಬ್ಬ ಮನುಷ್ಯನೂ ಇರುತ್ತಾನೆ. ನೀನು ಮೊದಲ ಕ್ಯಾನಿಸ್ಟರ್ ಮುಗಿಯುವವರೆಗೂ ಮುಂದೆ ಹೋಗಿ, ಎರಡನೆಯದರಲ್ಲಿ ಹೊರಬರುತ್ತೇನೆ ಎಂದುಕೊಂಡಿರಬೇಕು. ಅಂದರೆ ಬರಲು ಒಂದೇ ಪಾಲು ಇಟ್ಟುಕೊಂಡೆ. ಒಂದು ತಿರುವು ತಪ್ಪಿದರೆ, ಒಂದು ಪೆಟ್ಟಿಗೆ ತೆರೆಯಲು ನಿಂತರೆ, ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಮುಂದಿನ ಸಲ ಮೊದಲು ಮಂಜು ಶುರುವಾಗುವ ಗಡಿಯವರೆಗೆ ಮಾತ್ರ ಹೋಗಿ ದಾರಿ ನೋಡಿಕೊಂಡು ಬಾ. ಹೊರೆ ಹೊರಗೇ ಇಟ್ಟು ಹೋಗು. ಒಳಗೆ ಹೋಗುವಾಗ ತಿರುವುಗಳನ್ನು ಎಣಿಸು, ಹಿಂತಿರುಗಿ ನೋಡುತ್ತಾ ಹೋಗು. ಗಣಿಯ ಹಾದಿ ಹೋಗುವಾಗ ಒಂದು ಥರ, ಬರುವಾಗ ಇನ್ನೊಂದು ಥರ ಕಾಣುತ್ತದೆ. ಎರಡನೇ ಕ್ಯಾನಿಸ್ಟರ್ ಇಲ್ಲವೇ ಇಲ್ಲ ಎಂದು ತಿಳಿದುಕೊಂಡು ನಡೆ.

ಆಟ ಬಿಟ್ಟು ಎರಡು ಮಾತು. ಅಲ್ಲಿ ವಿಷ ಮಂಜಿನಂತೆ ಕಣ್ಣಿಗೆ ಕಾಣುತ್ತದೆ. ನಿಜವಾದ ಗಣಿಯಲ್ಲಿ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ ನಿಜ, ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಸುತ್ತಮುತ್ತ ಮುಟ್ಟಿತೆಂದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯಿತು ಎಂದು ಸಮಾಧಾನಪಟ್ಟವನು ಅಲ್ಲೇ ಬೀಳುತ್ತಾನೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರವರೆಗೂ ಪಂಜರದಲ್ಲಿ ಕೆನರಿ ಹಕ್ಕಿ ಇಟ್ಟುಕೊಂಡದ್ದು ಇದಕ್ಕೇ: ಆ ಪುಟ್ಟ ಜೀವ ಮನುಷ್ಯನಿಗಿಂತ ಮೊದಲು ಕುಸಿಯುತ್ತಿತ್ತು.

ಇನ್ನೊಂದು, ಮುಖವಾಡ ಗಾಳಿಯನ್ನು ಸೋಸುತ್ತದೆಯೇ ಹೊರತು ಆಮ್ಲಜನಕ ಹುಟ್ಟಿಸುವುದಿಲ್ಲ. ನಮ್ಮ ದೇಶದ ಗಣಿ ನಿಯಮದಂತೆ ಕೆಲಸದ ಜಾಗದ ಗಾಳಿಯಲ್ಲಿ ಆಮ್ಲಜನಕ 19 ಶೇಕಡಕ್ಕಿಂತ ಕಡಿಮೆ ಇರಕೂಡದು. ಅದು ತೀರಾ ಇಳಿದಿರುವ ಕಡೆ ಎಂಥ ದುಬಾರಿ ಫಿಲ್ಟರೂ ಕೆಲಸಕ್ಕೆ ಬಾರದು.

ಪ್ರಶ್ನೆ: ಅಡುಗೆ ಒಲೆಯ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಮೂಗಿಗೆ ಹಿಡಿದರೆ ಮುಖವಾಡವಾಗುತ್ತದೆಯೇ?
– ಒಂಬತ್ತನೇ ತರಗತಿ, ಶಿರಸಿ

ಉತ್ತರ: ಇಲ್ಲ ಮಗಳೇ. ಫಿಲ್ಟರಿನಲ್ಲಿರುವುದು ಆ್ಯಕ್ಟಿವೇಟೆಡ್ ಇದ್ದಿಲು; ಕಾದ ಹಬೆ ಹಾಯಿಸಿ ಒಳಗೆಲ್ಲ ಸೂಕ್ಷ್ಮ ರಂಧ್ರ ಮಾಡಿರುತ್ತಾರೆ. ಅದೂ ಕಾರ್ಬನ್ ಮಾನಾಕ್ಸೈಡನ್ನು ಹಿಡಿಯಲಾರದು. ಅದಕ್ಕೆ ನಮ್ಮ ಸೊಂಟದಲ್ಲಿ ಬೇರೆ ಡಬ್ಬಿ ಇರುತ್ತಿತ್ತು, ಸೆಲ್ಫ್ ರೆಸ್ಕ್ಯೂಯರ್ ಎಂದು. ಒಳಗಿರುವ ಹಾಪ್ಕಲೈಟ್ (ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಮಿಶ್ರಣ) ಮಾನಾಕ್ಸೈಡನ್ನು ಡೈಆಕ್ಸೈಡ್ ಮಾಡುತ್ತದೆ. ಹಾಗೆ ಮಾಡುವಾಗ ಬಿಸಿಯಾಗುತ್ತದೆ, ಎಳೆದುಕೊಳ್ಳುವ ಉಸಿರು ಬಾಯಿ ಸುಡುತ್ತದೆ. ತರಬೇತಿಯ ಮೊದಲ ದಿನ ನಾನು ತಡೆಯಲಾರದೆ ಕಿತ್ತು ಬಿಸಾಡಿದ್ದೆ. ಮೇಷ್ಟ್ರು ಅದನ್ನೆತ್ತಿ ಮತ್ತೆ ನನ್ನ ಹಲ್ಲಿಗೆ ಕಚ್ಚಿಸಿ, “ಬಿಸಿಯಾಯಿತು ಅಂದರೆ ಸುತ್ತ ವಿಷ ಇದೆ, ಡಬ್ಬಿ ನಿನ್ನನ್ನು ಕಾಯುತ್ತಿದೆ ಅಂತ ಅರ್ಥ” ಅಂದರು.

ಪ್ರಶ್ನೆ: ಮಗ ರಾತ್ರಿ ಹನ್ನೊಂದರವರೆಗೂ ಇಂಥ ಆಟ ಆಡುತ್ತಾನೆ. ನೀರು ಕುದಿಸಿದರೆ ವಿಷ ಹೋಗುತ್ತದೆ, ಆಟದಲ್ಲೂ ಹಾಗೇ ಇದೆ ಎಂದು ನನಗೇ ಪಾಠ ಹೇಳುತ್ತಾನೆ. ನಮ್ಮದು ಹೊಲದ ಮನೆ, ಹಳೆಯ ಬಾವಿಯಿದೆ. ಅವನಿಗೆ ಏನು ಹೇಳಲಿ?
– ಗೃಹಿಣಿ, ಪಾವಗಡ ತಾಲ್ಲೂಕು

ಉತ್ತರ: ಅಮ್ಮಾ, ಹನ್ನೊಂದು ಗಂಟೆಯ ವಿಷಯ ನೀವೇ ತೀರ್ಮಾನಿಸಿ. ನೀರಿನ ಮಾತು ಮಾತ್ರ ಅವನಿಗೆ ಇಂದೇ ಹೇಳಿ. ಕುದಿಸಿದರೆ ರೋಗಾಣು ಸಾಯುತ್ತದೆ. ಹಿಮದ ಕಾಡಿನ ಆಟಕ್ಕೆ ಅಷ್ಟು ಸಾಕು. ಪಾವಗಡದಲ್ಲಿ ಸಾಲದು. ನಿಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಕಲೆ ನೀವು ನೋಡಿರುತ್ತೀರಿ. ನಮ್ಮ ರಾಯಚೂರು, ಯಾದಗಿರಿ ಕಡೆ ಕೆಲವು ಊರುಗಳಲ್ಲಿ ಆರ್ಸೆನಿಕ್ ಇದೆ. ಅದರ ಕತೆಯೂ ಇದೇ. ನೀರನ್ನು ಪರೀಕ್ಷೆಗೆ ಕೊಡಿ.

ನನಗೆ ಹೆಚ್ಚು ಭಯವಿರುವುದು ನಿಮ್ಮ ಹಳೆಯ ಬಾವಿಯದು. ಬಳಸದ ಬಾವಿಯ ತಳದಲ್ಲಿ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಕಾರ್ಬನ್ ಡೈಆಕ್ಸೈಡ್ ಕೂತಿರಬಹುದು. ನಮ್ಮೂರಿನಲ್ಲಿ ಮೋಟರು ರಿಪೇರಿಗೆಂದು ಅಣ್ಣ ಇಳಿದ, ಅಲ್ಲೇ ಕುಸಿದ. ತಮ್ಮ ಕೂಗಿಕೊಂಡು ಹಿಂದೆಯೇ ಇಳಿದ. ಆಮೇಲೆ ಪಕ್ಕದ ಹೊಲದ ಹುಡುಗ ಇಳಿದ. ಸುದ್ದಿ ಮುಟ್ಟಿ ನಾನು ಗಣಿಯಿಂದ ಉಪಕರಣ ತರಿಸುವ ಹೊತ್ತಿಗೆ ಮೂವರೂ ಹೋಗಿದ್ದರು. ಮೊದಲನೆಯವನನ್ನು ಬಾವಿ ಕೊಂದಿತು. ಉಳಿದ ಇಬ್ಬರು ಪ್ರೀತಿಗೆ ಹೋದರು. ಚರಂಡಿ ಗುಂಡಿಗಳಲ್ಲಿ, ಸೆಪ್ಟಿಕ್ ಟ್ಯಾಂಕುಗಳಲ್ಲಿ ಕೂಡ ಹೀಗೇ ಒಬ್ಬರ ಹಿಂದೆ ಒಬ್ಬರು ಸಾಯುತ್ತಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಅಲ್ಲಿಗೆ ಇಳಿಸಕೂಡದು ಎಂದಿದೆ. ಆದರೂ ಇಳಿಸುತ್ತಾರೆ.

ಲಾಟೀನು ಇಳಿಬಿಟ್ಟು ನೋಡುವ ಹಿರಿಯರ ಪದ್ಧತಿ ಅರ್ಧ ನಿಜ. ಆಮ್ಲಜನಕ 16 ಶೇಕಡದ ಹತ್ತಿರ ಇಳಿದರೆ ದೀಪ ಆರುತ್ತದೆ. ಆದರೆ ಉರಿಯುತ್ತಿದೆ ಎಂದರೆ ವಿಷವಿಲ್ಲ ಎಂದಲ್ಲ, ಮೀಥೇನ್ ಇದ್ದರಂತೂ ಸಿಡಿದೀತು. ಬಾವಿಗೆ ಬಲವಾದ ಕಬ್ಬಿಣದ ಜಾಲರಿ ಹಾಕಿಸಿ. ಮೋಟರು ಕೆಟ್ಟರೆ ಹಗ್ಗ ಕಟ್ಟಿ ಮೇಲಕ್ಕೆಳೆಸಿ, ಯಾರನ್ನೂ ಇಳಿಸಬೇಡಿ. ಒಳಗೆ ಯಾರಾದರೂ ಬಿದ್ದರೆ ಅಗ್ನಿಶಾಮಕದವರಿಗೆ 112ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಉಳಿದವರನ್ನು ಬಾವಿಯ ಕಟ್ಟೆಯಿಂದ ದೂರ ಹಿಡಿದುಕೊಳ್ಳಿ. ಅಳುತ್ತಾರೆ, ಬಯ್ಯುತ್ತಾರೆ, ಕೈ ಕೊಸರುತ್ತಾರೆ. ಬಿಡಬೇಡಿ.