ಅಬಾರ್ತ್ ಪುಂಟೊಗೆ ದೊಡ್ಡ ಟರ್ಬೊ ಹಾಕಿಸಲಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 2016ರ ಫಿಯಟ್ ಅಬಾರ್ತ್ ಪುಂಟೊ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. 78,000 ಕಿ.ಮೀ. ಓಡಿದೆ. ಪಿಕಪ್ ಚೆನ್ನಾಗಿದೆ, ಆದರೆ 5,000 ಆರ್‌ಪಿಎಂ ದಾಟಿದ ಮೇಲೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಒಬ್ಬ ಟ್ಯೂನರ್ ದೊಡ್ಡ ಟರ್ಬೊ ಕೂರಿಸಿ 200 ಬಿಎಚ್‌ಪಿ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ವಾರಕ್ಕೊಮ್ಮೆ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗಿ ಬರುತ್ತೇನೆ. ಹಾಕಿಸಲಾ?
(ಹೆಸರು ಬೇಡ ಎಂದಿದ್ದಾರೆ, ಹುಬ್ಬಳ್ಳಿ)

ಉತ್ತರ: ಹಾಕಿಸಬೇಡಿ. ಈಗಂತೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನೀವು ಗಮನಿಸಿದ್ದು ಸರಿಯಾಗಿಯೇ ಇದೆ. ಟರ್ಬೊ ಅಂದರೆ ಒಂದು ಶಾಫ್ಟ್, ಅದರ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಎಂಜಿನ್ ಒಳಗೆ ಗಾಳಿ ತುಂಬುತ್ತದೆ. ನಿಮ್ಮ ಗಾಡಿಯ 1.4 ಲೀಟರ್ ಟಿ-ಜೆಟ್ ಎಂಜಿನ್‌ಗೆ ಕಂಪನಿ ಚಿಕ್ಕ ಟರ್ಬೊ ಕೊಟ್ಟದ್ದು ಬೇಕೆಂತಲೇ. ಚಿಕ್ಕದು ಬೇಗ ಎದ್ದೇಳುತ್ತದೆ. ಆದರೆ ಮೇಲಿನ ಆರ್‌ಪಿಎಂನಲ್ಲಿ ಬರುವಷ್ಟು ಹೊಗೆ ಅದರ ಕಿರಿದಾದ ದಾರಿಯಲ್ಲಿ ಹಿಡಿಸುವುದಿಲ್ಲ, ಒತ್ತಡ ಹಿಂದಕ್ಕೆ ಎಂಜಿನ್ ಮೇಲೇ ಬೀಳುತ್ತದೆ, ತುಂಬುವ ಗಾಳಿಯೂ ಕಾದುಹೋಗುತ್ತದೆ. ನಿಮಗೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಇದೇ.

ದೊಡ್ಡ ಟರ್ಬೊ ಆ ತೊಂದರೆ ತೀರಿಸುತ್ತದೆ, ನಿಜ. ಆದರೆ ಕೆಳಗಿನ ಆರ್‌ಪಿಎಂನಲ್ಲಿ ಇರುವುದನ್ನು ಕಿತ್ತುಕೊಳ್ಳುತ್ತದೆ. ಅದೇ ಆಕಾರದ ಚಕ್ರವನ್ನು ಎಲ್ಲಾ ಕಡೆಯಿಂದ 10% ದೊಡ್ಡದು ಮಾಡಿದರೆ ಅದರ ಜಡತ್ವ, ಅಂದರೆ ವೇಗ ಹಿಡಿಯಲು ತೋರುವ ಸೋಮಾರಿತನ, ಸುಮಾರು 60% ಜಾಸ್ತಿ ಆಗುತ್ತದೆ, ಯಾಕೆಂದರೆ ತೂಕವೂ ಏರುತ್ತದೆ, ಆ ತೂಕ ನಡುವಿನಿಂದ ದೂರವೂ ಹೋಗುತ್ತದೆ. ದೊಡ್ಡ ಚಕ್ರ ಕಮ್ಮಿ ಸುತ್ತಿನಲ್ಲೇ ಅಷ್ಟು ಗಾಳಿ ತಳ್ಳುತ್ತದೆ ಅನ್ನುವುದೂ ಸರಿ, ಆದರೂ ಅದು ವೇಗ ಹಿಡಿಯುವವರೆಗೆ ನೀವು ಕಾಯುವುದು ತಪ್ಪುವುದಿಲ್ಲ. ಈಗ ಅರಬೈಲ್ ಘಟ್ಟ ನೆನಪು ಮಾಡಿಕೊಳ್ಳಿ. ಹತ್ತುವಾಗ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತುವುದು ಎರಡನೇ, ಮೂರನೇ ಗೇರ್‌ನಲ್ಲಿ, 2,000ದಿಂದ 4,000 ಆರ್‌ಪಿಎಂ ನಡುವೆ, ಮುಂದೆ ಲಾರಿ ಬೇರೆ. ನಿಮ್ಮ ಗಾಡಿಯ 212 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸರಿಯಾಗಿ ಅಲ್ಲೇ ಕೂತಿದೆ. ವಾರವಾರ ಉಪಯೋಗಿಸುವುದನ್ನು ಕೊಟ್ಟು, ತಿಂಗಳಿಗೊಮ್ಮೆ ಸಿಗುವುದನ್ನು ತಗೊಳ್ಳುತ್ತೀರಿ. ಇದು ನನಗೆ ಲಾಭದ ವ್ಯಾಪಾರ ಅನ್ನಿಸುವುದಿಲ್ಲ.

ಇನ್ನು ಆ 200 ಬಿಎಚ್‌ಪಿ ಲೆಕ್ಕ. 5,500 ಆರ್‌ಪಿಎಂನಲ್ಲಿ 200 ಬರಬೇಕೆಂದರೆ ಅಲ್ಲಿ ಸುಮಾರು 260 ಎನ್‌ಎಂ ಟಾರ್ಕ್ ಇರಲೇಬೇಕು. ಆ ಹೊರೆ ಹೊರುವವರು ಯಾರು? ನಿಮ್ಮ 5 ಗೇರಿನ ಗೇರ್‌ಬಾಕ್ಸ್ ಮತ್ತು ಕ್ಲಚ್. ಯುರೋಪಿನಲ್ಲಿ ಇದೇ ಟಿ-ಜೆಟ್ ಎಂಜಿನ್‌ನ ಗ್ರಾಂಡೆ ಪುಂಟೊ ಅಬಾರ್ತ್ ಇತ್ತು. ಅದಕ್ಕೆ ಅಬಾರ್ತ್‌ನವರೇ ಕೊಡುತ್ತಿದ್ದ ಎಸ್ಸೆಎಸ್ಸೆ ಕಿಟ್ ಹಾಕಿದರೆ 180 ಅಶ್ವಶಕ್ತಿ, 270 ಎನ್‌ಎಂ. ಆದರೆ ಆ ಕಾರಿನಲ್ಲಿ ಇದ್ದದ್ದು ಬೇರೆಯೇ 6 ಗೇರಿನ ಗೇರ್‌ಬಾಕ್ಸ್. ಟ್ಯೂನರ್ ಹೇಳಿದ ರೇಟಿನಲ್ಲಿ ಕ್ಲಚ್, ಗೇರ್‌ಬಾಕ್ಸ್ ಸೇರಿದೆಯಾ ಅಂತ ಒಮ್ಮೆ ಕೇಳಿ ನೋಡಿ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್, ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಡೌನ್‌ಪೈಪ್ ಬಗ್ಗೆಯೂ ಕೇಳಿ.

ಪೆಟ್ರೋಲ್ ವಿಷಯ ಇದಕ್ಕಿಂತ ಮುಖ್ಯ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿದ ಹಾಗೆ ಸಿಲಿಂಡರ್ ಒಳಗಿನ ಬಿಸಿ, ಒತ್ತಡ ಏರುತ್ತದೆ, ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಂಡು ನಾಕಿಂಗ್ ಶುರುವಾಗುತ್ತದೆ. ಜೋರಾದ ನಾಕಿಂಗ್ ಪಿಸ್ಟನ್ನಿನ ರಿಂಗ್ ಕೂರುವ ಅಂಚನ್ನೇ ಮುರಿದು ಹಾಕುತ್ತದೆ. ಟ್ಯೂನರ್ ನಾಕಿಂಗ್ ಚೆನ್ನಾಗಿ ತಡೆಯುವ 100 ಆಕ್ಟೇನ್ ಪೆಟ್ರೋಲ್ ಹಾಕಿ ಮ್ಯಾಪ್ (ಎಂಜಿನ್ ಕಂಪ್ಯೂಟರಿನ ಇಂಧನ, ಕಿಡಿ, ಬೂಸ್ಟ್ ಲೆಕ್ಕ) ಬರೆದು ಶಕ್ತಿಯ ಚಾರ್ಟ್ ತೋರಿಸಬಹುದು. ನೀವು ಘಟ್ಟದ ಕೆಳಗೆ ಸಿಕ್ಕಿದ ಬಂಕ್‌ನಲ್ಲಿ ಸಾದಾ ಪೆಟ್ರೋಲ್ ಹಾಕಿಸಿ ಅದೇ ಮ್ಯಾಪ್‌ನಲ್ಲಿ ಘಟ್ಟ ಹತ್ತಿದರೆ? ಮೇಲಾಗಿ ಈಗ ಬರುತ್ತಿರುವುದು 20% ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್ ನಾಕಿಂಗ್ ತಡೆಯುತ್ತದೆ, ಅದು ಒಳ್ಳೆಯದೇ, ಆದರೆ ಅದೇ ಗಾಳಿಗೆ ಸುಮಾರು 8% ಜಾಸ್ತಿ ಇಂಧನ ಸುರಿಯಬೇಕು. ದೊಡ್ಡ ಟರ್ಬೊಗೆ ಮೊದಲೇ ಸುಸ್ತಾಗುವ ಇಂಜೆಕ್ಟರ್ ಮೇಲೆ ಇದು ಇನ್ನೊಂದು ಭಾರ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮೆಯವರಿಗೆ ಹೇಳದೆ ಮಾಡಿಸಿದ್ದರೆ ಅಪಘಾತದ ದಿನ ಕ್ಲೇಮ್ ಸಿಗುವುದು ಕಷ್ಟ.

ಹಾಗಾದರೆ ಏನು ಮಾಡಬೇಕು ಅಂದರೆ, ಮೊದಲು ಇರುವ ಗಾಡಿಯನ್ನು ಪೂರ್ತಿ ಆರೋಗ್ಯಕ್ಕೆ ತನ್ನಿ. 78,000 ಓಡಿದ ಟರ್ಬೊ ಗಾಡಿ ಮೇಲಿನ ಆರ್‌ಪಿಎಂನಲ್ಲಿ ಸುಸ್ತಾಗಲು ಸೀಳಿದ ಒಂದು ರಬ್ಬರ್ ಹೋಸ್ ಸಾಕು. ಇನ್‌ಟೇಕ್‌ಗೆ ಹೊಗೆ ಬಿಟ್ಟು ಲೀಕ್ ನೋಡಿಸಿ. ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿ. ವೇಸ್ಟ್‌ಗೇಟ್ (ಟರ್ಬೊಗೆ ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಸಡಿಲ ಆಗಿದೆಯಾ ನೋಡಿಸಿ, ಕಂಪ್ರೆಷನ್ ಅಳೆಸಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಹಿಂದಿನ ಮಾಲೀಕರನ್ನು ಕೇಳಿ, ಗೊತ್ತಿಲ್ಲ ಅಂದರೆ ನಾಳೆಯೇ ಬದಲಿಸಿ. ಇಷ್ಟಾದ ಮೇಲೂ ಸಾಲದು ಅನ್ನಿಸಿದರೆ ಇದೇ ಟರ್ಬೊ ಇಟ್ಟುಕೊಂಡು, ನಿಮ್ಮೂರಲ್ಲಿ ಸಿಗುವ ಪೆಟ್ರೋಲ್‌ಗೆ ತಕ್ಕ ಹಾಗೆ ಒಂದು ಹಿತಮಿತದ ರೀಮ್ಯಾಪ್ ಸಾಕು, ಅದನ್ನೂ ವಿಮೆಯವರಿಗೆ ತಿಳಿಸಿ.

ಟರ್ಬೊ ಬದಲಿಸುವ ದಿನ ಬಂದೇ ಬಂದರೆ ಒಂದು ಮಾತು. ನನ್ನ ಹಳೆಯ ಗಾಡಿಯೊಂದಕ್ಕೆ ಒಂದು ಗ್ಯಾರೇಜ್‌ನಲ್ಲಿ ಹೊಸ ಟರ್ಬೊ ಹಾಕಿದರು, ಆಯಿಲ್ ಹೋಗುವ ಪೈಪ್ ಮಾತ್ರ ಹಳೆಯದೇ ಬಿಟ್ಟರು. ಒಳಗೆ ಕರಿ ಕಟ್ಟಿ ಅರ್ಧ ಮುಚ್ಚಿತ್ತು. ಮೂರು ವಾರಕ್ಕೆ ಸೈರನ್ ತರಹ ಕೂಗಲು ಶುರು, ಆಮೇಲೆ ನೀಲಿ ಹೊಗೆ, ಹೊಸ ಟರ್ಬೊ ಹೋಯಿತು. ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುವ ಶಾಫ್ಟ್ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಿರುತ್ತದೆ, ಅದು ತಪ್ಪಿದರೆ ಕ್ಷಣಗಳ ಕೆಲಸ. ಪೈಪ್, ಅದರ ಬೋಲ್ಟ್, ಒಳಗಿನ ಸಣ್ಣ ಜಾಲರಿ ಎಲ್ಲವೂ ಹೊಸದೇ ಬೇಕು ಅಂತ ಹಟ ಹಿಡಿಯಿರಿ.

ಪ್ರಶ್ನೆ: ಟರ್ಬೊ ಗಾಡಿಗೆ ಬೆಂಗಳೂರಿನ ಎತ್ತರದಿಂದ ಏನೂ ವ್ಯತ್ಯಾಸ ಆಗುವುದಿಲ್ಲ ಅನ್ನುತ್ತಾರೆ, ಹೌದಾ? (ಬೆಂಗಳೂರು)

ಉತ್ತರ: ಪೂರ್ತಿ ಹೌದಲ್ಲ. 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 10% ಕಮ್ಮಿ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಅದನ್ನು ತುಂಬಿಕೊಡಬಲ್ಲದು, ಆದರೆ ಜಾಸ್ತಿ ತಿರುಗಿ. ಮಂಗಳೂರಿನಲ್ಲಿ ಗಾಳಿಯನ್ನು 1.9 ಪಟ್ಟು ಒತ್ತಿದರೆ ಸಿಗುವುದಕ್ಕೆ ಬೆಂಗಳೂರಿನಲ್ಲಿ 2.1 ಪಟ್ಟು ಒತ್ತಬೇಕು. ಕಂಪನಿ ಸೆಟ್ಟಿಂಗ್‌ನಲ್ಲಿ ಇದಕ್ಕೆ ಜಾಗ ಇಟ್ಟಿರುತ್ತಾರೆ. ಸಮುದ್ರ ಮಟ್ಟದಲ್ಲೇ ಕೊನೆಯವರೆಗೆ ಎಳೆದು ಮಾಡಿದ ರೀಮ್ಯಾಪ್‌ನಲ್ಲಿ ಇರುವುದಿಲ್ಲ.

ಪ್ರಶ್ನೆ: ಶಿರಾಡಿ ಘಾಟ್ ಹತ್ತಿ ಮೇಲೆ ಬಂದ ಕೂಡಲೇ ಟೀ ಕುಡಿಯಲು ನಿಲ್ಲಿಸುತ್ತೇವೆ. ಎಂಜಿನ್ ಐಡಲ್ ಬಿಡಬೇಕಾ? (ಪುತ್ತೂರು)

ಉತ್ತರ: ಬಿಡಿ, ಒಂದು ನಿಮಿಷ ಸಾಕು. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ನಿಂತರೆ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಇನ್ನೂ ಒಳ್ಳೆಯದು, ಕೊನೆಯ ಎರಡು ಕಿ.ಮೀ. ನಿಧಾನಕ್ಕೆ ಓಡಿಸಿಕೊಂಡು ಬಂದು ನಿಲ್ಲಿಸಿ. ಊರೊಳಗೆ ತರಕಾರಿ ತರಲು ಹೋದಾಗ ಇದೆಲ್ಲ ಬೇಕಿಲ್ಲ, ಸುಮ್ನೆ ಆಫ್ ಮಾಡಿ.