ಜೈಲಿನಲ್ಲಿರುವ ತಮ್ಮನಿಗೆ ಇನ್ನೊಂದು ಬಂಧನ ಆದೇಶ

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 24 ವರ್ಷ. ಎಂಡಿಎಂಎ ಎಂಬ ಮಾದಕ ವಸ್ತು ಸಾಗಿಸಿದ ಆರೋಪದಲ್ಲಿ ನಾಲ್ಕು ತಿಂಗಳಿಂದ ಜೈಲಿನಲ್ಲಿದ್ದಾನೆ. ಹಿಂದೆಯೂ ಒಂದು ಗಾಂಜಾ ಕೇಸಿದೆ. ಜಾಮೀನಿಗೆ ಇನ್ನೂ ಅರ್ಜಿ ಹಾಕಿಲ್ಲ. ಹೋದ ವಾರ ಜೈಲಿನಲ್ಲೇ ಒಂದು ಕಟ್ಟು ಕಾಗದ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ. ಪಿಟ್ ಎನ್‌ಡಿಪಿಎಸ್ ಕಾಯ್ದೆಯಡಿ ಬಂಧನವಂತೆ. ಎಲ್ಲವೂ ಇಂಗ್ಲಿಷ್‌ನಲ್ಲಿದೆ. ಅವನು ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆಯಲ್ಲಿ. ಒಳಗಿರುವವನನ್ನು ಮತ್ತೆ ಬಂಧಿಸುವುದು ಅಂದರೇನು? ‘ಜಾಮೀನು ಅರ್ಜಿ ಹಾಕಲೇಬೇಡಿ, ಹಾಕಿದರೆ ಈ ಆದೇಶ ಗಟ್ಟಿಯಾಗುತ್ತೆ’ ಎನ್ನುತ್ತಾರೆ ನಮ್ಮ ವಕೀಲರು. ಏನು ಮಾಡಲಿ?
— ಒಬ್ಬ ಅಕ್ಕ (ಹೆಸರು, ಊರು ಬೇಡ)

ಉತ್ತರ: ನಿಮ್ಮ ತಮ್ಮನಿಗೆ ಈಗ ಎರಡು ಬೀಗ ಬಿದ್ದಿವೆ, ತಾಯಿ. ಒಂದರ ಕೀಲಿ ಸೆಷನ್ಸ್ ಕೋರ್ಟಿನಲ್ಲಿದೆ, ಇನ್ನೊಂದರದು ಸರ್ಕಾರದ ಹತ್ತಿರ. ಒಂದನ್ನು ತೆಗೆಸಿದರೆ ಅವನು ಮನೆಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೈಕೋರ್ಟಿನಲ್ಲಿ ಗೆದ್ದ ದಿನವೇ ಜೈಲಿನ ಗೇಟಿಗೆ ಹೋಗಿ ಕಾದು ಕೂತ ಮನೆಯವರನ್ನು ನಾನು ನೋಡಿದ್ದೇನೆ.

1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಕೇಸು ಆಗಿಹೋದ ಕೃತ್ಯಕ್ಕೆ. ಅಲ್ಲಿ ವಿಚಾರಣೆ, ಸಾಕ್ಷಿ, ತೀರ್ಪು ಎಲ್ಲ ಇರುತ್ತದೆ. 1988ರ ಪಿಟ್ ಎನ್‌ಡಿಪಿಎಸ್ ಹಾಗಲ್ಲ, ಅದು ಮುಂದಾಗಬಹುದಾದ ಸಾಗಣೆಯನ್ನು ತಡೆಯುವ ಬಂಧನಕ್ಕೆ. ‘ಇವನನ್ನು ಬಿಟ್ಟರೆ ಮತ್ತೆ ಸಾಗಿಸುತ್ತಾನೆ’ ಎಂದು ಅಧಿಕಾರಿಗೆ ಅನ್ನಿಸಿದರೆ ವಿಚಾರಣೆಯೇ ಇಲ್ಲದೆ ಸಾಮಾನ್ಯವಾಗಿ 1 ವರ್ಷದವರೆಗೆ, ಕೆಲವು ಸಂದರ್ಭಗಳಲ್ಲಿ 2 ವರ್ಷ, ಒಳಗಿಡಬಹುದು. ರಾಜ್ಯದಲ್ಲಾದರೆ ಕಾರ್ಯದರ್ಶಿ ದರ್ಜೆಗಿಂತ ಕೆಳಗಿನವರು ಈ ಆದೇಶ ಮಾಡುವ ಹಾಗಿಲ್ಲ. ಸಹಿ ಯಾರದ್ದು ಅಂತ ನೋಡಿ. ಪೊಲೀಸ್ ಕಮಿಷನರ್ ಅಥವಾ ಡಿಸಿ ಅವರದ್ದಾದರೆ ಅದು ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆ ಇರಬಹುದು. ಅದರ ಗಡುವುಗಳೇ ಬೇರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಳಗಿರುವವನ ಮೇಲೂ ಆದೇಶ ಮಾಡಬಹುದು. ಆದರೆ 1990ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಷರತ್ತು ಹಾಕಿದೆ. ಅವನು ಜೈಲಿನಲ್ಲಿದ್ದಾನೆ ಎಂದು ಅಧಿಕಾರಿಗೆ ಗೊತ್ತಿರಬೇಕು. ಜಾಮೀನಿನ ಮೇಲೆ ಹೊರಬರುವ ನಿಜವಾದ ಸಾಧ್ಯತೆ ಇದೆ, ಬಂದರೆ ಬಹುತೇಕ ಅದೇ ಕೆಲಸಕ್ಕೆ ಇಳಿಯುತ್ತಾನೆ ಎನ್ನಲು ನಂಬುವಂಥ ಆಧಾರ ಕೈಯಲ್ಲಿರಬೇಕು. ಅದನ್ನು ತಡೆಯಲು ಬಂಧನ ಬೇಕೇ ಬೇಕು ಎಂದು ಅವರಿಗೆ ಮನವರಿಕೆಯಾಗಿರಬೇಕು.

ಹಾಗಾಗಿ ಆ ಕಾಗದದ ಕಟ್ಟಿನಲ್ಲಿ ಜಾಮೀನಿನ ಬಗ್ಗೆ ಇರುವ ಸಾಲನ್ನು ಹುಡುಕಿ. ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ನಿಮ್ಮ ತಮ್ಮನ ಹತ್ತಿರ ಎಷ್ಟು ಗ್ರಾಂ ಸಿಕ್ಕಿತು ಅಂತ ನೀವು ಬರೆದಿಲ್ಲ. ಎಂಡಿಎಂಎ 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಆಗ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 37 ಬರುತ್ತದೆ. ಆರೋಪಿ ತಪ್ಪಿತಸ್ಥನಲ್ಲ, ಹೊರಬಂದರೆ ಮತ್ತೆ ತಪ್ಪು ಮಾಡುವುದಿಲ್ಲ ಎಂದು ನಂಬಲು ಕಾರಣ ಇದ್ದರೆ ಮಾತ್ರ ಜಡ್ಜ್ ಜಾಮೀನು ಕೊಡಬಹುದು. ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಕಡೆಯವರು ಇದೇ ಸೆಕ್ಷನ್ ಹಿಡಿದು ‘ಜಾಮೀನು ಸಿಗುವ ಕೇಸೇ ಅಲ್ಲ’ ಎಂದು ವಾದಿಸುತ್ತಾರೆ. ಅದೇ ಆರೋಪಿಯ ಬಂಧನದ ಫೈಲಿನಲ್ಲಿ ‘ಸದ್ಯದಲ್ಲೇ ಜಾಮೀನು ಸಿಗುವ ಸಂಭವವಿದೆ’ ಎಂದು ಬರೆದಿರುತ್ತಾರೆ. ಎರಡೂ ಹೇಗೆ ನಿಜ ಅಂತ ಕೇಳಬೇಕಾದ್ದು ನಿಮ್ಮ ವಕೀಲರ ಕೆಲಸ.

2011ರಲ್ಲಿ ತಮಿಳುನಾಡಿನಿಂದ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವಧಿ ಮುಗಿದ ಔಷಧಿ ಮಾರಿದ ಆರೋಪ. ‘ಇಂಥ ಕೇಸುಗಳಲ್ಲಿ ಜಾಮೀನು ಕೊಡುತ್ತಿದ್ದಾರೆ’ ಎಂದಷ್ಟೇ ಆದೇಶದಲ್ಲಿತ್ತು. ಯಾವ ಕೇಸು, ಯಾವ ತಾರೀಕು, ಯಾರಿಗೆ, ಏನೂ ಇರಲಿಲ್ಲ. ಆದೇಶ ರದ್ದಾಯಿತು. 2025ರ ಮಾರ್ಚ್‌ನಲ್ಲಿ ನಾಗಾಲ್ಯಾಂಡ್‌ನ ಗಂಡ ಹೆಂಡತಿಯ ಕೇಸು ಇನ್ನೂ ಹತ್ತಿರದ್ದು. ಹೆರಾಯಿನ್, ಪಿಟ್ ಎನ್‌ಡಿಪಿಎಸ್, ಇಬ್ಬರೂ ಆಗಲೇ ಜೈಲಿನಲ್ಲಿದ್ದರು, ಜಾಮೀನು ಅರ್ಜಿ ಇರಲಿಲ್ಲ. ಇಂಗ್ಲಿಷ್ ಕಾಗದವನ್ನು ಅವರ ಭಾಷೆಯಲ್ಲಿ ಬಾಯಿಮಾತಿನಲ್ಲಿ ವಿವರಿಸಿದರೆ ಸಾಲದು ಎಂದೂ ಕೋರ್ಟ್ ಹೇಳಿತು. ನಿಮ್ಮ ತಮ್ಮನಿಗೆ ಕನ್ನಡದ ಪ್ರತಿ ಕೊಡದಿದ್ದರೆ ಅದೊಂದೇ ದೊಡ್ಡ ಅಂಶ. ಹಾಗಂತ ಅರ್ಜಿ ಹಾಕಿಲ್ಲ ಅಂದ ಮಾತ್ರಕ್ಕೆ ಆದೇಶ ಬಿದ್ದೇ ಹೋಗುತ್ತದೆ ಎಂದು ಲೆಕ್ಕ ಹಾಕಬೇಡಿ. 2019ರಲ್ಲಿ ಚಿನ್ನದ ಕಳ್ಳಸಾಗಣೆಯ ಕೇಸಿನಲ್ಲಿ ಜೈಲಿನಲ್ಲಿದ್ದವರ ಮೇಲಿನ ಆದೇಶವನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ನಿಮ್ಮ ವಕೀಲರ ಸಲಹೆ ನನಗೆ ಒಪ್ಪಿಗೆಯಿಲ್ಲ. ಆದೇಶ ಸರಿಯೋ ತಪ್ಪೋ ಅಂತ ನೋಡುವುದು ಅದು ಆದ ದಿನ ಅಧಿಕಾರಿಯ ಮುಂದೆ ಏನಿತ್ತು ಎಂಬುದರ ಮೇಲೆ. ಈಗ ಹಾಕುವ ಅರ್ಜಿ ಅದನ್ನು ಹಿಂದಿನಿಂದ ಗಟ್ಟಿ ಮಾಡುವುದಿಲ್ಲ. ಅದಕ್ಕಿಂತ ಜಾಸ್ತಿ ಚಿಂತೆ ನನಗೆ ಇನ್ನೊಂದು ವಿಷಯದಲ್ಲಿ. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ, ಕೋರ್ಟು ಗಡುವು ಮುಂದೂಡದಿದ್ದರೆ, 180 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಪ್ರಮಾಣ ಕಡಿಮೆಯಿದ್ದರೆ ಆ ದಿನ ಇನ್ನೂ ಮುಂಚೆಯೇ ಬರುತ್ತದೆ. ಕೇಳದೆ ಸುಮ್ನೆ ಕೂತು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಹೋಯಿತು. ನಾಲ್ಕು ತಿಂಗಳಾಗಿದೆ ಅಂತೀರಿ, ಕ್ಯಾಲೆಂಡರ್ ಹತ್ತಿರ ಇಟ್ಟುಕೊಳ್ಳಿ.

ಈ ವಾರವೇ ಮಾಡಬೇಕಾದ್ದು ಬಂಧನ ಆದೇಶ ರದ್ದು ಮಾಡಿ ಎನ್ನುವ ಮನವಿ. ಮೂರು ಪ್ರತಿ: ಆದೇಶಕ್ಕೆ ಸಹಿ ಮಾಡಿದ ಅಧಿಕಾರಿಗೆ, ರಾಜ್ಯ ಸರ್ಕಾರಕ್ಕೆ, ಕೇಂದ್ರ ಸರ್ಕಾರಕ್ಕೆ. ಸಹಿ ಮಾಡಿದ ಅಧಿಕಾರಿಗೇ ಮನವಿ ಕೊಡುವ ಹಕ್ಕಿದೆ ಎಂದು ಆದೇಶದಲ್ಲಿ ಹೇಳಿರಲೇಬೇಕು ಅಂತ 1995ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಇಲ್ಲದಿದ್ದರೆ ಗುರುತು ಹಾಕಿಟ್ಟುಕೊಳ್ಳಿ. ತಮ್ಮ ಕನ್ನಡದಲ್ಲೇ ಬರೆಯಲಿ, ಎಲ್ಲ ದಾಖಲೆಯ ಕನ್ನಡ ಪ್ರತಿ ಕೇಳಲಿ. ಜೈಲು ಅಧೀಕ್ಷಕರ ಮೂಲಕ ಕಳಿಸಿ, ತಾರೀಕು ಸಮೇತ ಸ್ವೀಕೃತಿ ತೆಗೆದುಕೊಳ್ಳಿ. ಉತ್ತರ ತಡವಾದರೆ ಆ ತಾರೀಕೇ ನಿಮ್ಮ ಪರ ಮಾತಾಡುತ್ತದೆ.

5 ವಾರದೊಳಗೆ ವಿಷಯ, ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಎಂದು ನೋಡುವ ಸಲಹಾ ಮಂಡಳಿಗೆ ಹೋಗಬೇಕು. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ಆದರೆ ವಕೀಲರಲ್ಲದ ಸ್ನೇಹಿತರೊಬ್ಬರ ನೆರವು ಪಡೆಯಬಹುದು. ‘ನನ್ನ ಅಕ್ಕ ಬರಲಿ’ ಎಂದು ತಮ್ಮ ಬರೆದುಕೊಡಲಿ. ಜೊತೆಗೆ ಹೈಕೋರ್ಟಿನಲ್ಲಿ ನಿಮ್ಮ ಹೆಸರಿನಲ್ಲೇ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಈ ಬಂಧನ ಕಾನೂನುಬಾಹಿರ, ಬಿಡಿಸಿ ಎಂದು ಕೇಳುವ ಅರ್ಜಿ, ಹಾಕಬಹುದು. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಬರುತ್ತದೋ ಅಲ್ಲಿ. ಹಣದ ತೊಂದರೆ ಇದ್ದರೆ 15100ಕ್ಕೆ ಫೋನ್ ಮಾಡಿ. ಜೈಲಿನಲ್ಲಿರುವವರಿಗೂ ಹೆಂಗಸರಿಗೂ ಉಚಿತ ಕಾನೂನು ನೆರವು ಸಿಗುತ್ತದೆ.

ಪ್ರಶ್ನೆ: ಡ್ರಗ್ಸ್ ಮಾರಿ ಮಕ್ಕಳ ಬಾಳು ಹಾಳು ಮಾಡುವವರಿಗೆ ಇಷ್ಟೆಲ್ಲ ಹಕ್ಕು ಯಾಕೆ? ಜೈಲಿನಿಂದಲೇ ಫೋನಿನಲ್ಲಿ ದಂಧೆ ನಡೆಸುತ್ತಾರಲ್ಲ?
— ಒಬ್ಬ ಹೈಸ್ಕೂಲ್ ಮೇಷ್ಟ್ರು

ಉತ್ತರ: ನಡೆಸುವವರು ಇದ್ದಾರೆ, ಮೇಷ್ಟ್ರೇ. ಆದರೆ ಆಗಲೇ ಜೈಲಿನಲ್ಲಿರುವವನಿಗೆ ಇನ್ನೊಂದು ಬಂಧನ ಆದೇಶ ಕೊಟ್ಟರೆ ಅವನ ಕೈಯಲ್ಲಿರುವ ಫೋನು ಹೋಗುತ್ತದೆಯೇ? ಅದು ಒಳಗೆ ಹೇಗೆ ಬಂತು ಅಂತ ಜೈಲಿನವರು ಉತ್ತರ ಕೊಡಬೇಕು, ಅಲ್ವಾ? ಜಾಮೀನು ಸಿಕ್ಕಿದ್ದು ತಪ್ಪು ಅನ್ನಿಸಿದರೆ ಮೇಲಿನ ಕೋರ್ಟಿಗೆ ಹೋಗಿ ರದ್ದು ಮಾಡಿಸಲು ಸರ್ಕಾರಕ್ಕೆ ದಾರಿಯಿದೆ. ಆ ದಾರಿಯಲ್ಲಿ ಸಾಕ್ಷಿ ತೋರಿಸಬೇಕಾಗುತ್ತದೆ, ಅಷ್ಟೇ.